ಸವೆಯದ ಟೈರು

ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಮಗ ಮಂಚದ ಮೇಲೆ ಬೋರಲು ಹಾಕಿ ಅಲ್ಲಾಡಿಸಿದ. ಕೈಗಡಿಯಾರ ಬಿತ್ತು. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಬಿತ್ತು. ಪ್ಯಾಂಟು ಬಿತ್ತು. ಅದರ ಜೇಬಿಗೆ ಕೈಹಾಕಿ ತಡಕಾಡಿದಾಗ ಕಾರಿನ ಕೀಲಿ ಸಿಕ್ಕಿತು.

ಮಂಚದ ಇನ್ನೊಂದು ತುದಿಯಲ್ಲಿ ಕೂತಿದ್ದ ತಾಯಿ ಕೈ ಚಾಚಿದಳು. "ಇಲ್ಲಿ ಕೊಡು ಅದನ್ನ."

"ಯಾಕೆ?"

"ಕೊಡು ಅಂದೆ."

ಅವನು ಕೊಡಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿದ. ಇಷ್ಟು ವರ್ಷದಲ್ಲಿ ಅವನು ಆ ಕೀಲಿಯನ್ನು ಮುಟ್ಟಿದ್ದು ಇದೇ ಮೊದಲು. "ವ್ಯಾನಿನ ಹಿಂದೆ ಅಪ್ಪನ ಕಾರು ಹೋಗಬೇಕು. ನಾನೇ ಓಡಿಸ್ತೀನಿ. ಚಿಕ್ಕಪ್ಪನೂ ಹೂಂ ಅಂದಿದಾರೆ."

"ಮೋಡ ಆಗಿದೆ," ಅಂದಳು ತಾಯಿ.

"ಮೋಡ ಆದ್ರೇನಮ್ಮಾ? ಅದೇನು ಸಕ್ಕರೆ ಗೊಂಬೆನಾ, ನೆನೆದ್ರೆ ಕರಗೋಕೆ?" ಅವನು ಎದ್ದುನಿಂತ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು, ಆದರೆ ದನಿಯಲ್ಲಿ ಈಗ ಅಳುವಿರಲಿಲ್ಲ, ಹಟವಿತ್ತು. "ಬದುಕಿದ್ದಾಗ ಒಂದು ಸಲಾನೂ ಮುಟ್ಟೋಕೆ ಬಿಡ್ಲಿಲ್ಲ. ಇವತ್ತು ಬೇಡ ಅನ್ನೋಕೆ ಅವರಿಲ್ಲ. ನೀನೂ ಅನ್ಬೇಡ."

ಅವನು ಹೊರಗೆ ಹೋದ. ಅವಳು ಪ್ಯಾಂಟನ್ನು ಮಡಿಸತೊಡಗಿದಳು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಹಜಾರದಲ್ಲಿ ಕನ್ನಡಕದವರು ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಊರಿನ ಪಾಲಿಗೆ ಅವರ ಹೆಸರು ಅಷ್ಟೇ. ಪೇಟೆಯ ಮೂಲೆಯಲ್ಲಿ ಅವರದೊಂದು ಚಿಕ್ಕ ಕನ್ನಡಕದ ಅಂಗಡಿ. ಊರಿನ ಅರ್ಧ ಮೂಗುಗಳ ಅಳತೆ ಅವರಿಗೆ ಬಾಯಿಪಾಠವಾಗಿತ್ತು. ನೆಲಕ್ಕೆ ತಾಗುವಷ್ಟು ತಗ್ಗಿನ ಆ ಕೆಂಪು ವಿದೇಶಿ ಕಾರು ಬಂದ ಮೇಲೆ ಕೆಲವರು 'ಕಾರಿನವರು' ಎನ್ನಲು ಶುರುಮಾಡಿದ್ದರು. ಹಾಗೆ ಕರೆದಾಗ ಕೇಳಿಸದವರಂತೆ ನಟಿಸುತ್ತಿದ್ದರು, ಆದರೆ ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

"ಒಳ್ಳೇ ಸಾವು," ಎಂದರು ಪಕ್ಕದ ಮನೆಯ ಮೇಷ್ಟ್ರು. "ನರಳಲಿಲ್ಲ, ಯಾರಿಗೂ ಭಾರ ಆಗಲಿಲ್ಲ."

"ಆದ್ರೂ ಬಸ್ ಸ್ಟಾಪಲ್ಲಿ ಬೀಳೋದು ಅಂದ್ರೆ!" ಅಂಗಡಿಯ ಪಕ್ಕದ ಔಷಧಿಯಂಗಡಿಯವನಿಗೆ ಅದೇ ಹುಳ ಹೊಕ್ಕಿತ್ತು. "ಅಂಥಾ ಕಾರು ಇಟ್ಕೊಂಡು ಬಸ್ ಸ್ಟಾಪಲ್ಲಿ ಏನ್ ಮಾಡ್ತಿದ್ರು ಇವರು?"

"ಯಾರನ್ನೋ ಬಸ್ ಹತ್ತಿಸೋಕೆ ಹೋಗಿದ್ರಂತೆ ಕಣಯ್ಯಾ," ಎಂದ ಸತ್ತವರ ತಮ್ಮ. "ಅತ್ತಿಗೆ ಹೇಳಿದ್ರು."

ಅತ್ತಿಗೆ ಹೇಳಿದ್ದು ಸುಳ್ಳು. ದಿನಾ ಬೆಳಿಗ್ಗೆ "ನಡೆಯೋದು ಆರೋಗ್ಯಕ್ಕೆ ಒಳ್ಳೇದು" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೊರಡುತ್ತಿದ್ದ ಕನ್ನಡಕದವರು, ತಿರುವು ದಾಟಿದ ಮೇಲೆ ಆಚೆ ಬೀದಿಯ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದರು. ಸಂಜೆಯೂ ಅಲ್ಲೇ ಇಳಿದು ನಡೆದು ಬರುತ್ತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತು, "ಎಷ್ಟು ದೂರ ನಡೀತೀರಪ್ಪಾ!" ಎಂದು ಜೋರಾಗಿ ಹೇಳುತ್ತಿದ್ದಳು. ಇಬ್ಬರೂ ಸೇರಿ ಆಡುತ್ತಿದ್ದ ನಾಟಕ ಅದು, ಮಾತಾಡಿಕೊಂಡು ಒಪ್ಪಿದ್ದಲ್ಲ, ತಾನಾಗಿ ಅಭ್ಯಾಸವಾದದ್ದು.

ಅವಳು ಹಿತ್ತಲ ಕಡೆಯ ಶೆಡ್ಡಿಗೆ ಬಂದಳು. ಮಗನೂ ಅವನ ಗೆಳೆಯನೂ ಹೊದಿಕೆ ತೆಗೆದಿದ್ದರು. ಕಾರು ಮಿರಮಿರ ಮಿಂಚುತ್ತಿತ್ತು. ಟೈರುಗಳಂತೂ ಇಂದು ಬೆಳಿಗ್ಗೆ ಕಾರ್ಖಾನೆಯಿಂದ ಬಂದಂತಿದ್ದವು.

"ನೋಡೋ, ಗೆರೆ ಕೂಡ ಸವೆದಿಲ್ಲ," ಗೆಳೆಯ ಬಾಗಿ ಟೈರಿನ ಸೀಳಿನೊಳಗೆ ಬೆರಳು ಇಳಿಸಿದ. "ಹೊಸಾ ಮಾಲು. ನಿಮ್ಮಪ್ಪ ಇದನ್ನ ಮಗು ಥರ ಸಾಕಿದಾರೆ."

"ಮಗು ಥರ ಅಲ್ಲ," ಎಂದ ಮಗ. "ಮಗೂನ ಹಾಗೆ ಸಾಕಲಿಲ್ಲ ಅವರು."

ತಾಯಿ ಆ ಟೈರುಗಳನ್ನೇ ನೋಡುತ್ತ ನಿಂತಳು. ಹೊಳಪು ಪಾಲಿಶಿನದು. ಪ್ರತಿ ಭಾನುವಾರ ಕನ್ನಡಕದವರು ಸ್ಟೂಲು ಹಾಕಿಕೊಂಡು ಕೂತು, ಸ್ಪಂಜಿನಲ್ಲಿ ತಿಕ್ಕಿ ಬರಿಸಿದ ಹೊಳಪು. ಕಾರು ಓಡಿದ್ದರೆ ತಾನೆ ಗೆರೆ ಸವೆಯುವುದು? ಗೆರೆ ಹಾಗೇ ಉಳಿದಿತ್ತು, ರಬ್ಬರು ಒಣಗಿ ಕಲ್ಲಾಗಿತ್ತು. ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತಿತ್ತು. ನೀರು ಬಿದ್ದ ರಸ್ತೆಯಲ್ಲಿ ಆ ಟೈರು ನೆಲ ಹಿಡಿಯುವುದಿಲ್ಲ. ಇದು ಗೊತ್ತಿದ್ದದ್ದು ಇಬ್ಬರಿಗೆ. ಅವರಲ್ಲೊಬ್ಬರು ಹಜಾರದಲ್ಲಿ ಮಲಗಿದ್ದರು.

ತಗಡಿನ ಸೂರಿನಾಚೆ ಆಕಾಶ ಕಪ್ಪಿಟ್ಟುಕೊಂಡು ಬರುತ್ತಿತ್ತು.

*

ಮನೆಗೆ ಬಂದ ಮೊದಲ ದಿನ ಆ ಕಾರು ಗೇಟು ದಾಟಲೊಪ್ಪಲಿಲ್ಲ.

ಮಾರಿದವನು ಮನೆ ಕಟ್ಟಿಸಿ ಮಾರುವ ಒಬ್ಬ ಗುತ್ತಿಗೆದಾರ, ಕನ್ನಡಕದವರ ಹಳೇ ಗಿರಾಕಿ. ಇನ್ನೂ ದೊಡ್ಡದು ಬಂದ ಮೇಲೆ ಈ ಕಾರು ಅವನ ಅಂಗಳದಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಕನ್ನಡಕ ತಲುಪಿಸಲು ಹೋದಾಗಲೆಲ್ಲ ಇವರು ಅದರ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದರು. "ಅಷ್ಟು ಆಸೆ ಇದ್ರೆ ನೀವೇ ತಗೊಂಡ್ ಹೋಗಿ ಸಾರ್" ಎಂದು ಅವನು ಒಂದು ದಿನ ತಮಾಷೆಗೆ ಅಂದ. ಇವರು ತಮಾಷೆ ಎಂದುಕೊಳ್ಳಲಿಲ್ಲ. ಮನೆ ಕಟ್ಟಬೇಕೆಂದು ಇಟ್ಟುಕೊಂಡಿದ್ದ ಒಂದು ತುಂಡು ಜಾಗ ಮಾರಿ ಕಾರು ತಂದರು. ಹೊಸದರ ಬೆಲೆಗೆ ಹೋಲಿಸಿದರೆ ಅಗ್ಗವೇ. ಇಂಥ ಕಾರುಗಳನ್ನು ಕೊಳ್ಳುವುದು ಸುಲಭ, ಕೊಂಡ ಮೇಲಿನದು ಕಷ್ಟ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ಅವರು ಕೇಳುತ್ತಿರಲಿಲ್ಲ.

ಗೇಟಿನ ಇಳಿಜಾರಿಗೆ ಕಾರಿನ ಹೊಟ್ಟೆ ಕಚ್ಚಿಕೊಂಡು ಕರ್ರೆಂದಿತು. ಆ ಸದ್ದಿಗೆ ಕನ್ನಡಕದವರು ತಮ್ಮ ಹೊಟ್ಟೆಯನ್ನೇ ಹಿಡಿದುಕೊಂಡರು. ಬೀದಿಯವರೆಲ್ಲ ಕೈಜೋಡಿಸಿ, ಮಂಚದ ಹಲಗೆ ತಂದು ಚಕ್ರದಡಿ ಇಟ್ಟು, ಕಾರನ್ನು ಮನೆ ತುಂಬಿಸುವಷ್ಟರಲ್ಲಿ ಬೆವರಿಳಿದಿತ್ತು. ಆಮೇಲೆ ಗೇಟಿನ ಮುಂದೆ ಹೊಸ ಇಳಿಜಾರು ಕಟ್ಟಿಸಿದರು. ಊರಿನ ರಸ್ತೆಯುಬ್ಬುಗಳನ್ನು ಕಟ್ಟಿಸಿ ಕೆಡವುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಎಲ್ಲಿಗೆ ಹೋಗಬೇಕೆಂಬುದನ್ನು ಇನ್ನು ಮುಂದೆ ಉಬ್ಬುಗಳೇ ತೀರ್ಮಾನಿಸಿದವು. ಅಕ್ಕನ ಮನೆಯ ದಾರಿಯಲ್ಲಿ ಉಬ್ಬು ಜಾಸ್ತಿ, ಅಕ್ಕನ ಮನೆ ನಿಂತಿತು. ಪೇಟೆಯಲ್ಲಿ ಉಬ್ಬಿಲ್ಲ, ಆದರೆ ನಿಲ್ಲಿಸಿದ ಕಡೆ ಜನ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಉಂಗುರದ ಕೈಯಲ್ಲಿ ಸವರುತ್ತಾರೆ. ಒಮ್ಮೆ ಹೋಟೆಲಿಗೆ ಹೋದಾಗ ಇವರು ಕಿಟಕಿಯ ಪಕ್ಕದ ಮೇಜೇ ಬೇಕೆಂದು ಕಾದು, ಕೂತ ಮೇಲೂ ತಟ್ಟೆ ನೋಡದೆ ಕಾರು ನೋಡುತ್ತ ಉಂಡರು. ಹೆಂಡತಿ ತಟ್ಟೆ ಬದಲಾಯಿಸಿದ್ದು ಕೂಡ ತಿಳಿಯಲಿಲ್ಲ.

ಸೀಟು ಎರಡೇ. ಮೂವರಿರುವ ಮನೆಗೆ ಎರಡು ಸೀಟಿನ ಕಾರು ತಂದ ಮನುಷ್ಯನನ್ನು ಏನನ್ನಬೇಕು? ಎಲ್ಲಿಗಾದರೂ ಹೊರಟರೆ ಮಗ ಬಸ್ಸಿನಲ್ಲಿ ಬರುತ್ತಿದ್ದ. ಉಬ್ಬಿಗೊಂದು ಸುತ್ತು ಹಾಕಿಕೊಂಡು ಇವರು ತಲುಪುವ ಹೊತ್ತಿಗೆ ಅವನು ಬಂದು ಕಾಯುತ್ತಿದ್ದ. ಆಗ ಚಿಕ್ಕವನು, ಅದು ಅವನಿಗೆ ನಗೆಯ ವಿಷಯವಾಗಿತ್ತು.

ಓಡದೆ ನಿಂತರೆ ಬ್ಯಾಟರಿ ಸಾಯುತ್ತದೆಂದು ಶೆಡ್ಡಿನಲ್ಲಿ ಸದಾ ಒಂದು ಚಾರ್ಜರು ಚುಚ್ಚಿರುತ್ತಿತ್ತು. ಸರ್ವೀಸಿಗೆ ದೂರದ ದೊಡ್ಡ ನಗರಕ್ಕೆ ಲಾರಿಯ ಮೇಲೆ ಹೇರಿ ಕಳಿಸಬೇಕು. ಬರೀ ಎಣ್ಣೆ ಬದಲಾಯಿಸಿದ್ದಕ್ಕೆ ಬಂದ ಮೊದಲ ಬಿಲ್ಲನ್ನು ಕನ್ನಡಕದವರು ಓದಿ, ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ಓದಿದರು. ಅಂಕಿ ಹಾಗೇ ಇತ್ತು. ಆ ವರ್ಷ ಅಂಗಡಿಗೆ ಹೊಸ ಯಂತ್ರ ತರುವ ಮಾತು ನಿಂತುಹೋಯಿತು. ಮನೆಗೆ ಬಣ್ಣ ಹೊಡೆಸುವ ಮಾತಂತೂ ಮತ್ತೆಂದೂ ಏಳಲಿಲ್ಲ.

ಇಷ್ಟಾದರೂ ಭಾನುವಾರ ಶೆಡ್ಡಿನ ಬಾಗಿಲು ತೆಗೆದು ಇಂಜಿನ್ ಚಾಲೂ ಮಾಡಿದಾಗ ಅವರ ಮುಖ ನೋಡಬೇಕಿತ್ತು. ಬೀದಿಯ ಕಿಟಕಿಗಾಜೆಲ್ಲ ಗದಗದ ನಡುಗುತ್ತಿತ್ತು. ಜನ್ಮವಿಡೀ ಬೇರೆಯವರ ಕಣ್ಣಿಗೆ ಗಾಜು ಕೂರಿಸಿದ ಮನುಷ್ಯನನ್ನು ಆ ಹೊತ್ತು ಎಲ್ಲರೂ ನೋಡುತ್ತಿದ್ದರು. ಹೆಂಡತಿಗೆ ಅದು ಅರ್ಥವಾಗುತ್ತಿತ್ತು. ಅವಳು ಒಂದು ದಿನವೂ ಮಾರಿಬಿಡಿ ಅನ್ನಲಿಲ್ಲ.

*

"ಅತ್ತಿಗೆ, ವ್ಯಾನು ಬಂತು. ಇನ್ನು ತಡ ಮಾಡೋದು ಬೇಡ, ಚಿತಾಗಾರದವರು ಕಾಯ್ತಿದಾರೆ," ಎಂದ ಮೈದುನ.

ಅವಳು ಅವನನ್ನು ಅಡುಗೆಮನೆಯ ಬಾಗಿಲ ಹಿಂದಕ್ಕೆ ಕರೆದಳು. "ಅವನು ಕಾರು ತೆಗೀಬಾರದು. ನೀವು ಹೇಳಿ. ನಿಮ್ಮ ಮಾತು ಕೇಳ್ತಾನೆ."

"ಯಾಕೆ ಅತ್ತಿಗೆ? ಅಣ್ಣನ ಆಸೆಯ ಕಾರು. ಅವನಿಗೂ ಒಂದು ಸಮಾಧಾನ."

"ಮಳೆ ಬರುತ್ತೆ."

"ಬಂದ್ರೆ ಬರಲಿ. ವೈಪರ್ ಇಲ್ವಾ?"

"ಟೈರು..." ಎಂದಳು ಅವಳು.

"ನಾನೇ ನೋಡ್ದೆ ಅತ್ತಿಗೆ, ಚೆನ್ನಾಗಿದೆ. ನನ್ನ ಗಾಡಿ ಟೈರು ನೋಡಿದ್ರೆ ನೀವು ಏನಂತೀರೋ, ಬೋಳು ತಲೆ!" ಮೈದುನ ನಗಲು ಹೋಗಿ, ದಿನ ಯಾವುದೆಂದು ನೆನಪಾಗಿ ತಡೆದುಕೊಂಡ. ಅವನ ಕಣ್ಣು ತುಂಬಿಕೊಂಡವು. "ಗೊತ್ತಾ ಅತ್ತಿಗೆ, ನಾನು ಯಾರ ಹತ್ರ ಏನೇ ಮಾತಾಡಿದ್ರೂ ಕೊನೆಗೆ ನಮ್ಮಣ್ಣನ ಹತ್ರ ಇಂಥ ಕಾರಿದೆ ಅಂತ ಹೇಳ್ತಿದ್ದೆ. ನಮ್ಮ ಮನೆತನದಲ್ಲಿ ಒಬ್ಬನಾದ್ರೂ ರಾಜನ ಹಾಗೆ ಬಾಳಿದ."

ರಾಜನ ಹಾಗೆ ಬಾಳಿದವನು ಬಸ್ ಸ್ಟಾಪಿನಲ್ಲಿ ಸತ್ತದ್ದು ಬಸ್ಸಿಗೆ ಕಾಯುತ್ತಲೇ ಎಂದು ಹೇಗೆ ಹೇಳುವುದು, ಅದೂ ಹೆಣ ಎತ್ತುವ ಮೊದಲು? ಹಜಾರದಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಅವರೂ ಕಾರಿನ ಕಥೆಯನ್ನೇ ಯಾರಿಗೋ ಹೇಳುತ್ತಿದ್ದರು.

*

ಕೆಲವು ವರ್ಷಗಳ ಹಿಂದಿನ ಆ ದಿನವೂ ಹೀಗೇ ಮೋಡವಿತ್ತು. ಮದುವೆಯ ವಾರ್ಷಿಕೋತ್ಸವವೆಂದು ಗಂಡ ಹೆಂಡತಿ ಇಬ್ಬರೇ ಊರಾಚೆಗೆ ಹೋಗಿದ್ದರು. ಬರುವಾಗ ಹನಿ ಬಿತ್ತು, ಬರೀ ಹನಿ, ರಸ್ತೆಯ ಧೂಳು ಅಡಗುವಷ್ಟು. ಸರ್ಕಲ್ಲಿನಲ್ಲಿ ಅವರು ಮೆಲ್ಲಗೆ, ಸೈಕಲ್ಲಿನವನಷ್ಟೇ ಮೆಲ್ಲಗೆ, ಸ್ಟೀರಿಂಗ್ ತಿರುಗಿಸಿದರು. ಕಾರಿನ ಹಿಂಭಾಗ ಮಾತು ಕೇಳಲಿಲ್ಲ. ತಟ್ಟೆ ತಿರುಗಿದ ಹಾಗೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿಗೆ ಬರುತ್ತಿದ್ದ ಬಸ್ಸು ಹೇಗೆ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ಬಸ್ಸಿನ ಮುಂಭಾಗ ಅವಳ ಕಡೆಯ ಕಿಟಕಿಯನ್ನು ಪೂರ್ತಿ ಮುಚ್ಚಿತ್ತು.

ಮನೆಗೆ ಬಂದು ಶೆಡ್ಡಿನ ಬಾಗಿಲು ಹಾಕಿಕೊಂಡ ಮೇಲೆ ಅವರು ನೆಲಕ್ಕೆ ಕೂತು ಟೈರಿಗೆ ಉಗುರು ಒತ್ತಿದರು. ಉಗುರು ಇಳಿಯಲಿಲ್ಲ. ಪಾಲಿಶು ಒರೆಸಿದಾಗ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕುಗಳು ಕಂಡವು.

"ವಯಸ್ಸಾಗಿದೆ," ಅಂದರು. "ಗುತ್ತಿಗೆದಾರ ತಗೊಂಡಾಗಿನವು. ಓಡಿಸದೆ ಇಟ್ಟಿದ್ದಕ್ಕೇ ಹಾಳಾಗಿವೆ."

"ಬದಲಾಯಿಸಿ ಮತ್ತೆ."

"ನಾಲ್ಕೂ ಒಟ್ಟಿಗೇ ಬದಲಾಯಿಸ್ಬೇಕು. ಆ ದುಡ್ಡಿಗೆ ನಾಲ್ಕು ಸೀಟಿನ ಇನ್ನೊಂದು ಕಾರೇ ಬರುತ್ತೆ, ಹಳೇದು." ಅವರು ಒಂದು ಥರ ನಕ್ಕರು. "ಮಾರೋಣ ಅಂದ್ರೆ, ಬಂದವನು ಮೊದಲು ಟೈರೇ ನೋಡ್ತಾನೆ. ಊರಿಗೆಲ್ಲ ಹೇಳ್ಕೊಂಡು ತಿರುಗ್ತಾನೆ. ಕನ್ನಡಕದವನಿಗೆ ಕಾರು ತರೋ ಯೋಗ್ಯತೆ ಇತ್ತು, ಟೈರು ಹಾಕಿಸೋ ಯೋಗ್ಯತೆ ಇರಲಿಲ್ಲ ಅಂತ."

ಅವರು ಸ್ಪಂಜು ತೆಗೆದುಕೊಂಡು ಒರೆಸಿದ ಜಾಗಕ್ಕೆ ಮತ್ತೆ ಪಾಲಿಶು ಹಚ್ಚತೊಡಗಿದರು. "ಯಾರಿಗೂ ಹೇಳ್ಬೇಡ. ಅವನಿಗಂತೂ ಹೇಳಲೇಬೇಡ. ಅಪ್ಪ ದೊಡ್ಡವನು ಅಂತ ಅವನು ನಂಬಿರೋದು ಇದೊಂದನ್ನ ನೋಡಿಯೇ."

ಮಗನಿಗೆ ಮೊದಲ ಕೆಲಸ ಸಿಕ್ಕಾಗ ಅವನು ಕೇಳಿದ್ದು ಒಂದೇ: ಒಂದು ದಿನ ಕಾರು. ಕೆಲಸಕ್ಕೆ ಸೇರುವ ದಿನ ಅದರಲ್ಲಿ ಹೋಗಿ ಇಳಿಯಬೇಕು. ಅದು ಮಳೆಗಾಲ. ಕನ್ನಡಕದವರು ಆಗಲ್ಲ ಎಂದರು. ಯಾಕೆ ಎಂದರೆ ಆಗಲ್ಲ. ಡ್ರೈವಿಂಗ್ ಚೆನ್ನಾಗಿ ಕಲಿತಿದ್ದೇನೆ, ನಂಬಿಕೆ ಇಲ್ಲವಾ ಎಂದರೆ ಆಗಲ್ಲ. ಕೊನೆಗೆ ಮಗ, "ನಿಮಗೆ ನನಗಿಂತ ಅದೇ ಹೆಚ್ಚು, ಅಲ್ವಾ? ಬಾಯಿ ಬಿಟ್ಟು ಹೇಳಿಬಿಡಿ" ಎಂದು ಕೂಗಿದ. ಅವರು ಅನ್ನದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಹೆಂಡತಿ ಅವರ ಮುಖ ನೋಡಿದಳು, ಈಗಲಾದರೂ ಹೇಳುತ್ತಾರೇನೋ ಎಂದು. ಅವರು ನೀರು ಕುಡಿದು ಎದ್ದುಹೋದರು.

ಅಂದಿನಿಂದ ಅಪ್ಪ ಮಗನ ನಡುವೆ ಮಾತು ಊಟಕ್ಕೆ ಬಾ, ಕರೆಂಟ್ ಬಿಲ್ ಕಟ್ಟು ಎಂಬಲ್ಲಿಗೆ ಬಂದು ನಿಂತಿತ್ತು. ಅದು ಅವಳನ್ನು ಒಳಗೊಳಗೇ ತಿಂದಿತ್ತು. ಮಗನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಅವಳು ಮಾತು ಕೊಟ್ಟಿದ್ದಳು.

*

ಮಗ ಬಟ್ಟೆ ಬದಲಾಯಿಸಲು ಒಳಗೆ ಹೋದಾಗ ಅವಳು ಶೆಡ್ಡಿಗೆ ಬಂದಳು. ತಲೆಯಿಂದ ಹೇರ್‌ಪಿನ್ನು ಕಿತ್ತು, ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಳಿ ತುಂಬುವ ಮೂತಿಯ ಮುಚ್ಚಳ ತಿರುಗಿಸಿ ಪಿನ್ನು ಒತ್ತಿದಳು. ಬುಸ್ಸೆಂದಿತು. ಹಳೆಯ ಗಾಳಿ, ರಬ್ಬರಿನ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಎರಡೂ ಕೈಯಿಂದ ಒತ್ತಿ ಹಿಡಿದಳು. ಕಾರು ಒಂದು ಮಗ್ಗುಲಿಗೆ ತಗ್ಗುತ್ತ ತಗ್ಗುತ್ತ ಚಕ್ರದ ಕಬ್ಬಿಣದ ಮೇಲೆ ಕೂತಿತು. ಹಿಸುಕಿಕೊಂಡ ಟೈರಿನ ಮೈಯಲ್ಲಿ ಚಿಟಚಿಟ ಸದ್ದಾಯಿತು. ಅವಳಿಗೆ ಆ ಸದ್ದು ಹಿತವೆನಿಸಿತು. ಇನ್ನು ಇದು ಹೊರಡುವುದಿಲ್ಲ. ಯಾರ ಮಾನವೂ ಹೋಗುವುದಿಲ್ಲ.

ಹಜಾರಕ್ಕೆ ಬಂದು ಗಂಡನ ತಲೆಯ ಬಳಿ ಕೂತಳು. ಆ ದಿನ ಮೊದಲ ಬಾರಿಗೆ ಅವಳು ನಿರಾಳವಾಗಿ ಅತ್ತಳು.

"ಗಾಳಿ ಇಳಿದುಬಿಟ್ಟಿದೆ!" ಹೊರಗಿನಿಂದ ಗೆಳೆಯನ ದನಿ ಬಂತು. "ಸ್ಟೆಪ್ನಿ ಎಲ್ಲೋ?"

"ಇಂಥ ಕಾರಿಗೆ ಸ್ಟೆಪ್ನಿ ಇರಲ್ಲ." ಅದು ಮಗನ ದನಿ. "ಡಿಕ್ಕಿ ತೆಗಿ. ಹಿಂದೆ ಅಲ್ವೋ, ಹಿಂದೆ ಇಂಜಿನ್ನು, ಡಿಕ್ಕಿ ಮುಂದೆ. ಗಾಳಿ ತುಂಬೋ ಮಿಷನ್ನು ಅಲ್ಲೇ ಇಟ್ಟಿರ್ತಾರೆ."

ಇತ್ತು. ಕನ್ನಡಕದವರು ಅದನ್ನೂ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಸುತ್ತಿ, ಚೆನ್ನಾಗಿಯೇ ಇಟ್ಟಿದ್ದರು. ಗರ್ರ್ ಎಂಬ ಸದ್ದು ಶೆಡ್ಡಿನಿಂದ ಹೊರಟು ಹಜಾರದ ಗೋಡೆಗಳನ್ನು ತುಂಬಿತು. ಅಳುತ್ತಿದ್ದವರು ಅಳು ನಿಲ್ಲಿಸಿ ಆ ಕಡೆ ನೋಡಿದರು. ಅವಳಿಗೆ ಆಗ ಹೊಳೆಯಿತು, ತಾನು ಕೇಳಿದ್ದ ಆ ಚಿಟಚಿಟ ಏನೆಂದು. ಕೂದಲೆಳೆಯಂಥ ಬಿರುಕುಗಳು ಕಾರಿನ ಭಾರಕ್ಕೆ ಬಾಯಿ ಬಿಟ್ಟ ಸದ್ದು ಅದು. ಈಗ ಅದೇ ಟೈರಿಗೆ ಮತ್ತೆ ಗಾಳಿ ತುಂಬುತ್ತಿದ್ದರು. ಮೊದಲೇ ಸತ್ತಿದ್ದ ಟೈರನ್ನು ತನ್ನ ಕೈಯಾರೆ ಇನ್ನಷ್ಟು ಹಾಳುಮಾಡಿದ್ದಳು.

ಹೊತ್ತುಕೊಳ್ಳುವವರು ಬಂದರು. ಕನ್ನಡಕದವರನ್ನು ಎತ್ತಿ ವ್ಯಾನಿಗೆ ಏರಿಸಿದರು. ಮೈದುನ ಒಳಗೆ ಕೂತ. ಮಗ ಕೆಂಪು ಕಾರನ್ನು ಚಾಲೂ ಮಾಡಿ ಹಿಂದಕ್ಕೆ ಬೀದಿಗಿಳಿಸಿದ. ಬೀದಿಯ ಗಾಜುಗಳು ನಡುಗಿದವು. ಮೇಷ್ಟ್ರು ಕಣ್ಣೊರೆಸಿಕೊಂಡು, "ಅವರೇ ಹೊರಟ ಹಾಗಿದೆ," ಅಂದರು.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು ಕಾರಿನ ಬಾಗಿಲು ತೆಗೆದಳು.

"ಏ, ನೀನೆಲ್ಲಿಗೆ?" ಗಂಡನ ಅಕ್ಕ ತೋಳು ಹಿಡಿದುಕೊಂಡರು. "ನೀನು ನಮ್ಮ ಜೊತೆ ದೊಡ್ಡ ಗಾಡೀಲಿ ಬಾ. ಇವತ್ತು ಇದರಲ್ಲಿ ಕೂತ್ಕೋತೀಯಾ, ಜನ ಏನಂದ್ಕೊಂಡಾರು!"

"ಬಿಡಿ ಅಕ್ಕ. ನಾನು ನನ್ನ ಮಗನ ಜೊತೆ ಹೋಗ್ತೀನಿ."

ನೆಲಕ್ಕೆ ಕೂತಷ್ಟು ಕೆಳಗಿನ ಆ ಸೀಟಿನೊಳಗೆ ಅವಳು ಮಂಡಿ ಮಡಚಿ ಇಳಿದಳು. ತಾನಿದ್ದರೆ ಮೆಲ್ಲಗೆ ಓಡಿಸುತ್ತಾನೆ. ಇಷ್ಟೇ ಅವಳ ಲೆಕ್ಕ. ಓಡಿಸದಿದ್ದರೆ ತಾನೂ ಜೊತೆಗಿರುತ್ತೇನೆ. ಗೆಳೆಯ ಪೆಚ್ಚುಮೋರೆ ಹಾಕಿಕೊಂಡು ಬೇರೆ ಗಾಡಿ ಹುಡುಕಲು ಹೋದ.

*

ಊರು ದಾಟುವ ತನಕ ಮಗ ಮೆಲ್ಲಗೇ ಓಡಿಸಿದ. ಉಬ್ಬು ಬಂದಲ್ಲಿ ಅಡ್ಡಡ್ಡ ಹತ್ತಿಸಿ ಇಳಿಸಿದ, ಹೊಟ್ಟೆ ಒಂದು ಸಲವೂ ಕರ್ರೆನ್ನಲಿಲ್ಲ. ಅಪ್ಪ ಹೀಗೇ ಮಾಡುತ್ತಿದ್ದದ್ದನ್ನು ಬೀದಿಯಲ್ಲಿ ನಿಂತು ನೋಡಿ ನೋಡಿ ಕಲಿತಿದ್ದ.

"ನೋಡಿದ್ಯಾ?" ಎಂದ. "ನನಗೆ ಬರಲ್ಲ ಅಂದ್ಕೊಂಡಿದ್ರು ಅವರು."

"ಹಾಗಂದ್ಕೊಂಡಿರಲಿಲ್ಲ ಕಣಪ್ಪ."

ವರ್ತುಲ ರಸ್ತೆಗೆ ಬಂದ ಮೇಲೆ ವ್ಯಾನಿನವನು ವೇಗ ಹೆಚ್ಚಿಸಿದ. ಅವನಿಗೆ ದಿನಕ್ಕೆ ಇಂಥವು ಎಷ್ಟೋ, ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ವ್ಯಾನಿನ ಹಿಂಬಾಗಿಲಿಗೆ ದೊಡ್ಡದೊಂದು ಗಾಜಿತ್ತು, ಅದರೊಳಗೆ ಬಿಳಿ ಬಟ್ಟೆಯ ತುದಿ ಕಾಣುತ್ತಿತ್ತು. ನಡುವೆ ಬೇರೆ ಗಾಡಿ ನುಗ್ಗಬಾರದೆಂದು ಮಗನೂ ಹತ್ತಿರಕ್ಕೆ ಒತ್ತಿದ. ಮುಂಗಾಜಿನ ಮೇಲೆ ಮೊದಲ ಹನಿ ಬಿತ್ತು. ಅದರ ಹಿಂದೆ ಇನ್ನೊಂದು. ರಸ್ತೆ ಇಳಿಜಾರಾಗುತ್ತ ಹೋಯಿತು.

"ದೂರ ಬಿಡು. ಅಷ್ಟು ಹತ್ತಿರ ಬೇಡ."

"ಅಪ್ಪನ ಹಿಂದೆ ಹೋಗೋಕೂ ಭಯನಾ ನಿಂಗೆ?"

"ಈ ಟೈರು ಸತ್ತಿವೆ," ಎಂದಳು ಅವಳು. ಬೆಳಗಿನಿಂದ ಹೇಳದೆ ಉಳಿದದ್ದು ಈಗ ಒಂದೇ ಉಸಿರಿಗೆ ಬಂತು. "ಹೊಳಪು ನೋಡಿ ಮೋಸ ಹೋಗ್ಬೇಡ. ನೀರು ಬಿದ್ರೆ ನಿಲ್ಲಲ್ಲ ಇದು. ನಾವಿಬ್ರೂ ಒಂದು ಸಲ ಬಸ್ಸಿನಡಿ ಹೋಗ್ತಿದ್ವಿ. ಹೊಸಾದು ಹಾಕ್ಸೋಕೆ ಅವರ ಕೈಲಿ ಆಗ್ಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ. ದಿನಾ ಬಸ್ಸಲ್ಲೇ ಹೋಗ್ತಿದ್ರು. ಗಾಳಿ ಬಿಟ್ಟಿದ್ದೂ ನಾನೇ ಕಣೋ, ಇವತ್ತು."

ಮಗ ನಕ್ಕ. ಅರ್ಧಕ್ಕೇ ನಗು ನಿಂತಿತು. "ಸುಳ್ಳು."

"ಅವರಾಣೆ."

ವೈಪರು ಒಂದು ಸಲ ಆಡಿ ಗಾಜಿನ ಮೇಲೆ ಕೆಸರು ಬಳಿಯಿತು. ಅವನು ಏನನ್ನೋ ಕೂಡಿಸಿ ಕಳೆಯುತ್ತಿರುವಂತೆ ತುಟಿ ಆಡಿಸಿದ. ಆಮೇಲೆ ರಸ್ತೆಯಿಂದ ಕಣ್ಣು ತೆಗೆದು ತಾಯಿಯ ಕಡೆ ಪೂರ್ತಿ ತಿರುಗಿದ. ಚಿಕ್ಕಂದಿನಲ್ಲಿ ಬಸ್ಸಿಳಿದು ಓಡಿಬರುತ್ತಿದ್ದಾಗಿನ ಮುಖ ಅದು. "ಅದಕ್ಕಾ? ಅದಕ್ಕೇನಾ ನನಗೆ ಕೊಡ್ಲಿಲ್ಲ? ನನಗೆ ಏನಾದ್ರೂ ಆಗುತ್ತೆ ಅಂತಾ?"

"ಮುಂದೆ ನೋಡು!"

ವ್ಯಾನಿನ ಕೆಂಪು ದೀಪಗಳು ಹತ್ತಿದ್ದವು. ರಸ್ತೆಗೆ ಏನು ಅಡ್ಡ ಬಂದಿತ್ತೋ, ವ್ಯಾನು ನಿಂತೇಬಿಟ್ಟಿತ್ತು. ಮಗ ಬಲಗಾಲಿಗೆ ಇಡೀ ಮೈಯ ಭಾರ ಹಾಕಿ ಬ್ರೇಕು ತುಳಿದ. ಚಕ್ರಗಳು ನಿಂತವು, ಕಾರು ನಿಲ್ಲಲಿಲ್ಲ. ಸದ್ದಿಲ್ಲದೆ, ಏನೂ ಅವಸರವಿಲ್ಲದೆ, ಒದ್ದೆ ಇಳಿಜಾರಿನ ಮೇಲೆ ಅದು ಜಾರುತ್ತ ಹೋಯಿತು. ಬಿಳಿ ಬಟ್ಟೆ ದೊಡ್ಡದಾಗುತ್ತ ಹತ್ತಿರ ಬಂತು. ತಾಯಿ ಕೈ ಅಡ್ಡ ಚಾಚಿ ಮಗನ ಎದೆಯನ್ನು ಒತ್ತಿಹಿಡಿದಳು.

ತಗ್ಗಿನ ಮೂತಿ ವ್ಯಾನಿನ ಹಿಂಭಾಗದ ಕೆಳಗೆ ನುಗ್ಗಿ, ದೊಪ್ಪೆಂದು ತಗುಲಿ ನಿಂತಿತು. ವ್ಯಾನು ಒಂದು ಮಾರು ಮುಂದಕ್ಕೆ ಎಗರಿತು. ಒಳಗಿನಿಂದ ಚಿಕ್ಕಪ್ಪನ ಕೂಗು ಕೇಳಿತು.

ಆಮೇಲೆ ಮಳೆಯ ಸದ್ದೊಂದೇ. ಇಬ್ಬರಿಗೂ ಗಾಯವಾಗಿರಲಿಲ್ಲ. ಅವಳ ಕೈ ಅವನ ಎದೆಯ ಮೇಲೆಯೇ ಇತ್ತು. ಅವನ ಬಲಗಾಲು ಇನ್ನೂ ಬ್ರೇಕಿನಿಂದ ಎದ್ದಿರಲಿಲ್ಲ, ನೆಟ್ಟಗೆ ಚಾಚಿಕೊಂಡೇ ಇತ್ತು.

ವೈಪರು ಗಾಜನ್ನು ಒರೆಸಿತು. ಎದುರಿಗೆ, ಅವರ ತಲೆಗಿಂತ ತುಸು ಮೇಲೆ, ವ್ಯಾನಿನ ಹಿಂಬಾಗಿಲ ಗಾಜು. ಎಗರಿದ ರಭಸಕ್ಕೆ ದೇಹ ಹಿಂದಕ್ಕೆ ಜಾರಿ ಬಂದಿತ್ತು. ಬಿಳಿ ಬಟ್ಟೆ ಮೊಣಕಾಲಿನ ತನಕ ಸರಿದಿತ್ತು. ಕನ್ನಡಕದವರ ಎರಡು ಅಂಗಾಲುಗಳೂ ಒತ್ತಿ ತುಳಿದ ಹಾಗೆ ಗಾಜಿಗೆ ಊರಿ ನಿಂತಿದ್ದವು.